ಹಾದಿಗೆ ಟಿಕೆಟ್, ಜನಕ್ಕೆ ಲೆಕ್ಕ

ಗುಜರಾತಿನ ಊರುಗಳಲ್ಲಿ ನಡೆಯುವುದಕ್ಕೆಂದೇ ಹೇಳಿ ಮಾಡಿಸಿದಂಥ ಜಾಗ ಅಹಮದಾಬಾದಿನ ಕಾಂಕರಿಯಾ ಕೆರೆ ಏರಿ. ಸುಲ್ತಾನ್ ಕುತ್ಬುದ್ದೀನ್ ಅಹಮದ್ ಶಾ 1451ರಲ್ಲಿ ಕಟ್ಟಿಸಿ ಮುಗಿಸಿದ ಈ ಕೆರೆಗೆ 34 ಬದಿಗಳು, ಒಂದೊಂದೂ 190 ಅಡಿ ಉದ್ದ. ಒಂದು ಸುತ್ತು ಹಾಕಿದರೆ ಎರಡು ಕಿಲೋಮೀಟರಿನ ಆಸುಪಾಸು. ದುಂಡು ಕೆರೆಯ ಸುತ್ತ ನಡೆದರೆ ನೋಟ ನಿಧಾನಕ್ಕೆ ಜಾರುತ್ತದೆ, ಯಾವಾಗ ಬದಲಾಯಿತೆಂದೇ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಇನ್ನೂರಡಿಗೂ ಮೊದಲೇ ಒಂದು ಮೂಲೆ ಬಂದು ದಿಕ್ಕು ತಿರುಗುತ್ತದೆ, ನಡುಗಡ್ಡೆಯ ನಗೀನಾವಾಡಿ ತೋಟ ಒಮ್ಮೆ ಎದುರಿಗಿದ್ದದ್ದು ಮತ್ತೊಮ್ಮೆ ಓರೆಗೆ ಸರಿದಿರುತ್ತದೆ. ನೀರು ಒಳಬರುವ ತೂಬಿನ ಹತ್ತಿರ ನಿಂತು ನೋಡಬೇಕು: ಆರಾರು ಅಡಿ ವ್ಯಾಸದ ಮೂರು ದುಂಡು ಕಿಂಡಿಗಳು, ಮಗ್ಗುಲಿನ ಕಲ್ಲಿಗೆ ಬಲು ನಯವಾದ ಕೆತ್ತನೆ. ನೀರು ಹರಿದು ಬರುವ ಬಾಯಿಗೂ ಇಷ್ಟು ಅಂದ ಬೇಕೆಂದು ಆ ಕಾಲದವರಿಗೆ ಅನ್ನಿಸಿತ್ತಲ್ಲ ಎಂದು ಅಚ್ಚರಿಯಾಗುತ್ತದೆ. ಇದೇ ಏರಿಯನ್ನು ನವೀಕರಿಸಿ, ಸುತ್ತ ಬೇಲಿ ಹಾಕಿ, ಗೇಟು ಇಟ್ಟು, 2008ರ ಡಿಸೆಂಬರಿನಲ್ಲಿ ಮಹಾನಗರ ಪಾಲಿಕೆ ಮತ್ತೆ ತೆರೆಯಿತು. ಅಂದಿನಿಂದ ಒಳಗೆ ಹೋಗಲು ಟಿಕೆಟ್. ಮೊದಲಿಗೆ ದೊಡ್ಡವರಿಗೆ 10 ರೂಪಾಯಿ, ಮಕ್ಕಳಿಗೆ 5 ಇತ್ತು.

ಹಾದಿಗೆ ಶುಲ್ಕ ಹಾಕುವವರು ಎಲ್ಲೆಡೆ ಕೊಡುವ ಕಾರಣ ಎರಡು. ನಿರ್ವಹಣೆಗೆ ದುಡ್ಡು ಬೇಕು ಎನ್ನುವುದು ಒಂದು, ಜನಸಂದಣಿ ಹತೋಟಿಗೆ ಬರಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಇವು ಒಂದೇ ಕೆಲಸವೆಂದು ನಾವೂ ನಂಬಿಬಿಡುತ್ತೇವೆ. ಆದರೆ ದುಡ್ಡು ವಸೂಲು ಮಾಡುವುದೇ ಬೇರೆ, ತಲೆ ಎಣಿಸುವುದೇ ಬೇರೆ. ಕಾಂಕರಿಯಾದಲ್ಲೇ ಇದಕ್ಕೆ ಸಾಕ್ಷಿ ಇದೆ. ಡಿಸೆಂಬರಿನ ಕೊನೆಯ ವಾರ ಅಲ್ಲಿ ಕಾರ್ನಿವಲ್ ನಡೆಯುತ್ತದೆ, ಆಗ ಪ್ರವೇಶ ಉಚಿತ. ವರ್ಷದಲ್ಲೇ ಅತಿ ಹೆಚ್ಚು ಜನ ನೂಕುವ ದಿನಗಳಲ್ಲಿ ಟಿಕೆಟ್ ತೆಗೆದುಹಾಕುತ್ತಾರೆಂದರೆ, ಅದು ಸಂದಣಿ ತಡೆಯಲು ಇಟ್ಟದ್ದಲ್ಲ ಎಂದು ಪಾಲಿಕೆಯೇ ಒಪ್ಪಿಕೊಂಡ ಹಾಗಾಯಿತು. ಹಬ್ಬದ ದಿನ ಬಾಗಿಲು ತೆರೆದಿಡುವುದು ಒಳ್ಳೆಯ ಮನಸ್ಸಿನ ಕೆಲಸವೇ. ಹಾಗಿದ್ದರೆ ಮಿಕ್ಕ ದಿನಗಳ ಶುಲ್ಕವನ್ನೂ ಸಂದಣಿಯ ಹೆಸರಿನಲ್ಲಿ ಸಮರ್ಥಿಸಬಾರದು.

ಈ ಎರಡನ್ನು ಬೆರೆಸುವುದು ಎಷ್ಟು ಅಪಾಯಕಾರಿ ಎಂಬುದನ್ನು ಗುಜರಾತು ಮರೆಯುವಂತಿಲ್ಲ. 2022ರ ಅಕ್ಟೋಬರ್ 30ರಂದು ಮೋರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಕಳಚಿಬಿದ್ದು 135 ಜನ ಸತ್ತರು. ಆ ಸೇತುವೆಗೆ ಟಿಕೆಟ್ ಇತ್ತು. ಆ ದಿನ ಮೂರು ಸಾವಿರಕ್ಕೂ ಹೆಚ್ಚು ಟಿಕೆಟ್ ಮಾರಿದ್ದರೆಂದು ಆಮೇಲೆ ನ್ಯಾಯಾಲಯದ ಮುಂದೆ ಬಂತು. ತುಕ್ಕು ಹಿಡಿದ ಕೇಬಲ್, ಸರಿಯಾಗಿ ಆಗದ ದುರಸ್ತಿ ಇವೆಲ್ಲ ದುರಂತದ ಕಾರಣಗಳಲ್ಲಿ ಸೇರಿವೆ. ಅವುಗಳ ಜೊತೆಗೇ ಕಾಣುವುದು, ಕೌಂಟರಿನಲ್ಲಿ ಕೂತವರು ಮಾರುತ್ತಾ ಹೋದರು, ಸೇತುವೆ ಮೇಲೆ ಈಗ ಎಷ್ಟು ಜನ ಇದ್ದಾರೆಂದು ನೋಡುವವರು ಇರಲಿಲ್ಲ ಎಂಬುದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಆಗಸ್ಟ್ 27ರಂದು, ಅಹಮದಾಬಾದಿನಲ್ಲಿ ಸಾಬರಮತಿಗೆ ಅಡ್ಡಲಾಗಿ ಅಟಲ್ ಸೇತುವೆ ಉದ್ಘಾಟನೆಯಾಗಿತ್ತು. ಎಲ್ಲಿಸ್ ಸೇತುವೆ ಮತ್ತು ಸರ್ದಾರ್ ಸೇತುವೆಗಳ ನಡುವೆ, ನಡೆಯುವವರಿಗೆಂದೇ ಕಟ್ಟಿದ 300 ಮೀಟರಿನ ಸೇತುವೆ, ಗಾಳಿಪಟದ ಬಣ್ಣಗಳ ಮಾಡು. ದೊಡ್ಡವರಿಗೆ 30 ರೂಪಾಯಿ, ಮಕ್ಕಳಿಗೂ ಹಿರಿಯರಿಗೂ 15. ಮೋರ್ಬಿಯ ಮರುದಿನಗಳಲ್ಲಿ ಪಾಲಿಕೆ ಇಲ್ಲಿಗೆ ಗಂಟೆಗೆ 3,000 ಜನರ ಮಿತಿ ಹಾಕಿತು. ಮೂವತ್ತು ರೂಪಾಯಿ ಮೊದಲೇ ಇತ್ತಲ್ಲ? ಅದು ಸಂದಣಿಯನ್ನು ತಡೆಯುವಂತಿದ್ದರೆ ಬೇರೆ ಮಿತಿ ಬೇಕಾಗುತ್ತಿರಲಿಲ್ಲ.

ನಮ್ಮ ಕುಮಾರಪರ್ವತದ ಕಥೆಯೂ ಇದೇ. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಭಟ್ಟರ ಮನೆ ದಾಟಿ, ಪುಷ್ಪಗಿರಿ ಅಭಯಾರಣ್ಯದ ಹುಲ್ಲುಗುಡ್ಡಗಳ ಮೇಲೆ 1,712 ಮೀಟರ್ ಎತ್ತರದ ತುದಿಗೆ ಏರುವ ಆ ಹಾದಿಗೆ ಅರಣ್ಯ ಇಲಾಖೆಯ ಶುಲ್ಕ ವರ್ಷಗಳಿಂದ ಇತ್ತು. ತಲೆಗೆ ಕೆಲವು ನೂರು ರೂಪಾಯಿ, ಕಾಂಕರಿಯಾಕ್ಕೆ ಹೋಲಿಸಿದರೆ ದೊಡ್ಡ ಮೊತ್ತವೇ. ಆದರೂ 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಜಾತ್ರೆಯ ಸಾಲಿನಂತೆ ಜನ ಕಾಡಿನ ದಾರಿಯಲ್ಲಿ ನಿಂತ ವಿಡಿಯೊ ರಾಜ್ಯವೆಲ್ಲ ನೋಡಿತು. ಬೆಂಗಳೂರಿನಿಂದ ಬಸ್ಸು, ಊಟ, ಟೆಂಟು ಎಂದು ಸಾವಿರಾರು ರೂಪಾಯಿ ಸುರಿದು ಬಂದವರಿಗೆ ಚೆಕ್‌ಪೋಸ್ಟಿನಲ್ಲಿ ಕೊಡುವ ಕೆಲವು ನೂರು ಒಂದು ತಡೆಯೇ ಅಲ್ಲ. ಕೊನೆಗೆ ಸರ್ಕಾರ ಚಾರಣವನ್ನೇ ನಿಲ್ಲಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಜಾಲತಾಣದ ಮೂಲಕ ದಿನಕ್ಕೆ 300 ಜನರ ಮಿತಿಯೊಂದಿಗೆ ಮತ್ತೆ ತೆರೆಯಿತು. ಪೋರ್ಚುಗಲ್ಲಿನ ಮಡೈರಾ ದ್ವೀಪದಲ್ಲಿ 2025ರಿಂದ ಹೊರಗಿನ ಚಾರಣಿಗರಿಗೆ 3 ಯೂರೋ ಶುಲ್ಕ ಹಾಕಿದಾಗ ಎದ್ದ ಪ್ರಶ್ನೆಯೂ ಇದೇ. ವಿಮಾನ ಹತ್ತಿ ಬಂದವರು ಮೂರು ಯೂರೋಗೆ ಹಿಂದೆಗೆಯುತ್ತಾರೆಯೇ? ಆ ದುಡ್ಡು ಹಾದಿ ರಿಪೇರಿಗೆ ಆಗಬಹುದು, ಆಗಲಿ. ಹಾದಿಯಲ್ಲಿ ಕಾಲಿಡಲು ಜಾಗ ಮಾಡಿಕೊಡುವ ಶಕ್ತಿ ಅದಕ್ಕಿಲ್ಲ.

ದೂರದಿಂದ ಬಂದವರನ್ನು ತಡೆಯದ ಶುಲ್ಕ ಪಕ್ಕದ ಬೀದಿಯವರನ್ನು ಮಾತ್ರ ಚೆನ್ನಾಗಿಯೇ ತಡೆಯುತ್ತದೆ. ಹತ್ತು ರೂಪಾಯಿ ಒಂದು ಸಲಕ್ಕೆ ಏನೂ ಅಲ್ಲ ಎನ್ನುವವರು ನಡಿಗೆ ದಿನನಿತ್ಯದ ಕೆಲಸವೆಂಬುದನ್ನು ಮರೆಯುತ್ತಾರೆ. ಕಾಂಕರಿಯಾದ ಮೊದಲಿನ ದರದಂತೆ ದಿನಕ್ಕೆ ಹತ್ತೆಂದರೆ ತಿಂಗಳಿಗೆ ಮುನ್ನೂರು, ಗಂಡ ಹೆಂಡತಿ ಇಬ್ಬರಿಗೆ ಆರುನೂರು. ಇದನ್ನು ಅರಿತೇ ಪಾಲಿಕೆ ಬೆಳಗಿನ ವಾಯುವಿಹಾರಿಗಳಿಗೆ ಕಾಂಕರಿಯಾವನ್ನು ಉಚಿತವಾಗಿ ಬಿಟ್ಟಿದೆ. ಒಳ್ಳೆಯದೇ, ಆದರೆ ಬೆಳಗಿನ ಹೊತ್ತು ಕೆರೆ ಸುತ್ತುವಷ್ಟು ಬಿಡುವಿರುವುದು ಯಾರಿಗೆ? ಬಹುಮಟ್ಟಿಗೆ ನಿವೃತ್ತರಿಗೆ, ಅಂಗಡಿ ತಡವಾಗಿ ತೆರೆಯುವ ವ್ಯಾಪಾರಿಗಳಿಗೆ. ಮನೆಗೆಲಸಕ್ಕೆ ಹೋಗುವ ಹೆಂಗಸು ಆ ಹೊತ್ತಿಗೆ ಎರಡನೆಯ ಮನೆಯ ಪಾತ್ರೆ ತೊಳೆಯುತ್ತಿರುತ್ತಾಳೆ. ಕಾರ್ಖಾನೆಯ ಶಿಫ್ಟು ಮುಗಿಸಿದವನಿಗೆ, ದಿನವಿಡೀ ಕೈಗಾಡಿ ತಳ್ಳಿ ತರಕಾರಿ ಮಾರಿದವನಿಗೆ ಸಿಗುವುದು ಸಂಜೆ ಮಾತ್ರ, ಮತ್ತು ಸಂಜೆಗೆ ಟಿಕೆಟ್. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಒಂದೇ ಕೋಣೆಯ ಮನೆಯವರಿಗೆ ಕೆರೆ ದಂಡೆಯ ಸಂಜೆಗಾಳಿ ಮೋಜಲ್ಲ, ಅಗತ್ಯ.

ಇದಕ್ಕಿಂತ ಒಳ್ಳೆಯ ಪದ್ಧತಿ ಹೊರಗೆಲ್ಲೋ ಹುಡುಕಬೇಕಿಲ್ಲ. ವಡೋದರಾದ ಕಮಾಟಿ ಬಾಗ್ 1879ರಲ್ಲಿ ಸಯಾಜಿರಾವ್ ಗಾಯಕವಾಡರು ಊರಿಗೆ ಕೊಟ್ಟ ತೋಟ. ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ನೂರು ಎಕರೆಗೂ ಮಿಕ್ಕಿದ ನೆರಳು. ಅದರೊಳಗಿನ ಮ್ಯೂಸಿಯಮ್ಮಿಗೆ ಟಿಕೆಟ್ ಇದೆ, ಮೃಗಾಲಯಕ್ಕೆ ಟಿಕೆಟ್ ಇದೆ. ಮರಗಳ ಕೆಳಗಿನ ದಾರಿಗೆ ಇಲ್ಲ. ಸೂರತ್ತಿನಲ್ಲಿ ಮಲಿಕ್ ಗೋಪಿ 16ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಗೋಪಿ ತಲಾವನ್ನು ಪಾಳು ಬಿದ್ದ ಸ್ಥಿತಿಯಿಂದ ಎತ್ತಿ ನಿಲ್ಲಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಅಲ್ಲಿ ಅನುಸರಿಸಿದ್ದು ಕಾಂಕರಿಯಾದ ಮಾದರಿಯನ್ನು, ಕಮಾಟಿ ಬಾಗಿನದನ್ನಲ್ಲ. ಇನ್ನು ವಡೋದರಾಕ್ಕೆ ಐವತ್ತು ಕಿಲೋಮೀಟರ್ ಆಚೆಯ ಪಾವಾಗಢಕ್ಕೆ ಬನ್ನಿ. ಬೆಟ್ಟದ ತುದಿಯ ಕಾಳಿಕಾ ಮಾತೆಯ ಗುಡಿಗೆ ರೋಪ್‌ವೇನಲ್ಲಿ ಹೋಗುವವರು ದುಡ್ಡು ಕೊಡುತ್ತಾರೆ, ಮೆಟ್ಟಿಲು ಹತ್ತುವವರು ಕೊಡುವುದಿಲ್ಲ. ನವರಾತ್ರಿಯಲ್ಲಿ ಖಾಸಗಿ ವಾಹನಗಳನ್ನು ತಳದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸುಗಳಲ್ಲಿ ಬೆಟ್ಟದ ನಡುವಿನ ಮಾಚಿಗೆ ಕರೆದೊಯ್ಯುತ್ತಾರೆ. ಒಂದು ಬಸ್ಸಿನಲ್ಲಿ ಹಿಡಿಸುವಷ್ಟೇ ಜನ ಒಂದು ಸಲಕ್ಕೆ ಮೇಲೇರುವುದರಿಂದ, ಕಾಲಿನಲ್ಲಿ ಹತ್ತುವವನಿಗೆ ಬೆಲೆ ಕಟ್ಟದೆಯೇ ಸಂದಣಿಗೆ ಒಂದು ಅಳತೆ ಸಿಗುತ್ತದೆ. ಹಾದಿಯ ವಿಚಾರದಲ್ಲಿ ಗುಜರಾತಿನವರು ಮಾಡಿದ ಅತ್ಯಂತ ವಿವೇಕದ ಏರ್ಪಾಡು ಇದು.

ಟಿಕೆಟ್ ಇಲ್ಲದಿದ್ದರೆ ಗಲೀಜಾಗುತ್ತದೆ, ದುಡ್ಡು ಕೊಟ್ಟವರಿಗಷ್ಟೇ ಜವಾಬ್ದಾರಿ ಬರುತ್ತದೆ ಎಂಬ ವಾದ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ. ಅದಕ್ಕೆ ಉತ್ತರ ಸಾಬರಮತಿಯ ದಂಡೆಯಲ್ಲೇ ಇದೆ. ನದಿಯ ಇಕ್ಕೆಲದಲ್ಲೂ ಹನ್ನೊಂದು ಕಿಲೋಮೀಟರ್ ಉದ್ದಕ್ಕೆ ನೀರಿನ ಮಟ್ಟಕ್ಕೆ ಹತ್ತಿರದಲ್ಲಿ ಸಾಗುವ ಕೆಳಹಾದಿಗೆ ಟಿಕೆಟ್ ಇಲ್ಲ. ನಡೆಯುವವರ ರುಚಿಗೆ ಅದು ಕಾಂಕರಿಯಾದ ಸಮಕ್ಕೆ ಬರುವುದಿಲ್ಲ, ತೀರಾ ನೆಟ್ಟಗೆ, ಮಧ್ಯಾಹ್ನಕ್ಕೆ ಕಾಯುವ ಕಾಂಕ್ರೀಟು, ನೆರಳು ಸಾಲದು. ಆದರೆ ಗುಡಿಸುವವರು ಇರುವುದರಿಂದ, ಕಾವಲು ಇರುವುದರಿಂದ ಅದು ಚೊಕ್ಕವಾಗಿಯೇ ಇದೆ. ಚೊಕ್ಕತನ ಬರುವುದು ಕಸ ಹೊಡೆಯುವ ಆಳಿನಿಂದ, ಗೇಟಿನ ರಸೀದಿಯಿಂದಲ್ಲ. ಆ ಆಳಿಗೆ ಸಂಬಳ ಎಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ಕಾಂಕರಿಯಾದ ಒಳಗೆ ಪುಟಾಣಿ ರೈಲಿದೆ, ದೋಣಿಯಿದೆ, ಮಕ್ಕಳ ನಗರಿಯಿದೆ, ತಿಂಡಿ ಮಳಿಗೆಗಳಿವೆ. ಇವಕ್ಕೆಲ್ಲ ಬೇರೆ ದರ ಈಗಲೂ ಇದೆ. ಅಲ್ಲಿ ಹೆಚ್ಚು ತೆಗೆದುಕೊಳ್ಳಲಿ, ಕಾರು ನಿಲ್ಲಿಸುವವರಿಂದ ಇನ್ನೂ ಹೆಚ್ಚು ತೆಗೆದುಕೊಳ್ಳಲಿ. ಅಟಲ್ ಸೇತುವೆಯ ಮೂವತ್ತು ರೂಪಾಯಿಗೂ ನನ್ನ ತಕರಾರಿಲ್ಲ. ಮಗ್ಗುಲಲ್ಲೇ ಬೇರೆ ಸೇತುವೆಯಿದೆ, ನದಿ ದಾಟಲೇಬೇಕಾದವರಾರೂ ಅಟಲ್ ಸೇತುವೆಗೆ ಕಟ್ಟುಬಿದ್ದಿಲ್ಲ. ಅದು ನೋಡಲು ಹೋಗುವ ಜಾಗ. ಊರವರು ಉಸಿರಾಡಲು ಹೋಗುವ ಕೆರೆ ಏರಿಯನ್ನು ಅದರ ಸಾಲಿಗೆ ಸೇರಿಸಬಾರದು ಅಷ್ಟೆ.

ಶುಲ್ಕದ ಬದಲು ತಲೆ ಎಣಿಸಿ ಮಿತಿ ಹಾಕಿದರೆ ಬಡವರಿಗೇ ತೊಂದರೆ, ಮೊಬೈಲಿನಲ್ಲಿ ಬುಕ್ ಮಾಡಬಲ್ಲವರು ಎಲ್ಲ ಜಾಗ ಹಿಡಿದುಬಿಡುತ್ತಾರೆ ಎಂಬ ಆಕ್ಷೇಪ ಗಲೀಜಿನ ವಾದಕ್ಕಿಂತ ಗಟ್ಟಿಯಾದದ್ದು. ಆನ್‌ಲೈನ್ ಬುಕಿಂಗ್ ಒಂದನ್ನೇ ನೆಚ್ಚಿದಲ್ಲಿ ಅದು ನಿಜವಾಗುತ್ತದೆ. ಕುಮಾರಪರ್ವತದ ಬುಡದ ಹಳ್ಳಿಯವನು ತನ್ನ ಊರಿನ ಬೆಟ್ಟ ಹತ್ತಲು ಬೆಂಗಳೂರಿನವರ ಜೊತೆ ಜಾಲತಾಣದಲ್ಲಿ ಪೈಪೋಟಿ ಮಾಡುವುದು ಅನ್ಯಾಯವೇ ಸರಿ. ಆದ್ದರಿಂದ ಮಿತಿಯ ಒಂದು ಪಾಲನ್ನು ಗೇಟಿಗೆ ನಡೆದು ಬಂದವರಿಗೆ ಮೀಸಲಿಡಬೇಕು, ಮತ್ತು ಸ್ಥಳೀಯರಿಗೆ ಶುಲ್ಕವಿರಬಾರದು. ಮಡೈರಾದವರು ಶುಲ್ಕ ಹಾಕಿದಾಗ ದ್ವೀಪದ ನಿವಾಸಿಗಳನ್ನು ಹೊರಗಿಟ್ಟರು, ಆ ವಿವೇಕ ನಮಗೂ ಬೇಕು. ಕಾಂಕರಿಯಾದಂಥ ಊರೊಳಗಿನ ಕೆರೆಗಂತೂ ಮುಂಗಡ ಬುಕಿಂಗಿನ ಗೋಜೇ ಬೇಡ. ತುಂಬಿದಾಗ ಗೇಟಿನಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ ಸಾಕು. ಕಾಯುವುದಕ್ಕೆ ಬಡವ ಶ್ರೀಮಂತ ಎಲ್ಲರೂ ಕೊಡಬೇಕಾದ ಬೆಲೆ ಒಂದೇ.

ಅಹಮದಾಬಾದಿನ ಪಾಲಿಕೆ ಇದನ್ನು ಬರುವ ಡಿಸೆಂಬರಿನಲ್ಲೇ ಮಾಡಿ ನೋಡಬಹುದು. ಕಾರ್ನಿವಲ್ ಉಚಿತವಾಗಿಯೇ ಇರಲಿ. ಪ್ರತಿ ಗೇಟಿನಲ್ಲೂ ಒಳಹೋದವರನ್ನೂ ಹೊರಬಂದವರನ್ನೂ ಎಣಿಸುವ ಯಂತ್ರ ಕೂರಿಸಲಿ, ಒಳಗೆ ಈಗ ಎಷ್ಟು ಜನ, ಇನ್ನೆಷ್ಟು ಜನಕ್ಕೆ ಜಾಗ ಎಂದು ಗುಜರಾತಿಯಲ್ಲಿ ದೊಡ್ಡದಾಗಿ ಬೋರ್ಡಿನ ಮೇಲೆ ತೋರಿಸಲಿ. ಜನವರಿ ಒಂದನೇ ತಾರೀಖು ಆ ಬೋರ್ಡು ಹಾಗೇ ಉಳಿಯಲಿ, ಟಿಕೆಟ್ ಕೌಂಟರು ರೈಲು, ದೋಣಿಗಳ ಹತ್ತಿರಕ್ಕೆ ಹೋಗಲಿ.