ಕಾಯಿದೆ ಮರೆತ ಖರ್ಚು

2009ರ ಶಿಕ್ಷಣ ಹಕ್ಕು ಕಾಯಿದೆಯನ್ನ ಒಂದು ಕೃತಿ ಅಂತಲೇ ಓದೋಣ, ಗೆಳೆಯರೇ. ಅದರ ಅನುಬಂಧದಲ್ಲಿ ಕೋಣೆ, ಅಡುಗೆಮನೆ, ಕುಡಿಯೋ ನೀರು, ಕಕ್ಕಸು, ಗ್ರಂಥಾಲಯ ಇವೆ. ಮೊಬೈಲಿಲ್ಲ, ಇಂಟರ್ನೆಟ್ಟಿಲ್ಲ, ಕರೆಂಟೂ ಇಲ್ಲ. 2020ರಲ್ಲಿ ಶಾಲೆಗೆ ಬೀಗ ಬಿದ್ದು ಪಾಠ ಮೊಬೈಲಿಗೆ ಹಾರಿದಾಗ ಈ ಹೆಸರಿಲ್ಲದ ಖರ್ಚು ಕೂಲಿಯವರ ಕಿಸೆಗೆ ಬಿತ್ತು. ಹಿರಿಯೂರು, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತವೆ. ಕೆಳಗಿನ ಹಟ್ಟಿಯಲ್ಲಿ ಮನೆಗೊಂದು ಮೊಬೈಲಿದ್ದರೂ ಅದು ಅಪ್ಪನ ಜೊತೆ ಕೂಲಿಗೆ ಹೋಗುತ್ತೆ.

ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದ ಸರ್ಕಾರಿ ಆದೇಶಕ್ಕೆ ಹೈಕೋರ್ಟು 2020ರ ಜುಲೈ 8ರಂದು ತಡೆ ಕೊಟ್ಟಿತು, ಕಲಿಯುವ ಹಕ್ಕಿಗೆ ಧಕ್ಕೆ ಅಂದಿತು. ಸರಿಯೇ. ಆದರೆ ಮೊಬೈಲು ಕೊಂಡವರ ಮಕ್ಕಳಿಗಷ್ಟೇ ಆ ತಡೆ ದಕ್ಕಿತು.

ಮೊಬೈಲಿಲ್ಲದವರಿಗೆಂದು ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ನಡೆದರು, ಇದನ್ನ ಮೆಚ್ಚಬೇಕು. ಮರದ ನೆರಳು, ಸಮುದಾಯ ಭವನ, ಗುಡಿಯ ಜಗಲಿ ಶಾಲೆಯಾದವು. ಗುಡಿಯ ಜಗಲಿ! ಹೊಳಲ್ಕೆರೆ ಸೀಮೆಯ ಕೇರಿ ಮಗು ಅದನ್ನ ಹತ್ತಬಹುದೋ ಇಲ್ಲವೋ ಅಂತ ಆದೇಶ ಬರೆದವರು ಕೇಳಿಕೊಂಡರಾ? ಸೋಂಕಿನ ಸುದ್ದಿ ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು.

ಅನುಬಂಧ ತಿದ್ದೋಕೆ ಸಂಸತ್ತು ಸೇರಬೇಕಿಲ್ಲ. 20ನೇ ಕಲಮಿನಂತೆ ಕೇಂದ್ರದ ಒಂದು ಅಧಿಸೂಚನೆ ಸಾಕು. ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿರೋದರಿಂದ ನಮ್ಮ ವಿಧಾನಸೌಧವೂ ಬರೆಯಬಹುದು: ಪಾಠ ಮೊಬೈಲಿನಲ್ಲಿ ಬಂದರೆ ಮೊಬೈಲು, ಕರೆಂಟು, ಡೇಟಾ ಮೂರೂ ಬೊಕ್ಕಸದ ಖರ್ಚು.