ಸರಳ ಪ್ರಶ್ನೆಗೆ ಆರು ವಾರ

ಗಣಿತದ ಬೇಸಿಗೆ ಶಿಬಿರ ಎಂದೊಡನೆ ಮುಂದಿನ ತರಗತಿಯ ಪಾಠವನ್ನು ಮುಂಚೆಯೇ ಮುಗಿಸಿಬಿಡುವ ಜಾಗ ಎಂದು ಬಹಳಷ್ಟು ಪೋಷಕರು ತಿಳಿಯುತ್ತಾರೆ. ಒಳ್ಳೆಯ ಶಿಬಿರದ ನಡೆ ಇದಕ್ಕೆ ತದ್ವಿರುದ್ಧ. ಗೊತ್ತಿದೆ ಎಂದು ಮಕ್ಕಳು ನಂಬಿದ್ದರ ಬುಡಕ್ಕೇ ಅದು ಅವರನ್ನು ಕರೆದೊಯ್ಯುತ್ತದೆ. ಆರ್ನಾಲ್ಡ್ ರಾಸ್ 1957ರಲ್ಲಿ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿ, 1964ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಂಡೊಯ್ದ ಶಿಬಿರ ಇದಕ್ಕೆ ದೊಡ್ಡ ನಿದರ್ಶನ. ಸರಳ ಸಂಗತಿಗಳ ಬಗ್ಗೆ ಆಳವಾಗಿ ಯೋಚಿಸುವುದೇ ಅದರ ಧ್ಯೇಯ. ಹೈಸ್ಕೂಲು ವಯಸ್ಸಿನ ಮಕ್ಕಳು ಆರು ವಾರ ಹಾಸ್ಟೆಲಿನಲ್ಲಿದ್ದು ಮುಖ್ಯವಾಗಿ ಕಲಿಯುವುದು ಸಂಖ್ಯಾಸಿದ್ಧಾಂತವೊಂದನ್ನೇ. ಕಲನಶಾಸ್ತ್ರ ಮುಗಿಸಿ ಬಂದವರೂ, ಋಣ ಒಂದನ್ನು ಋಣ ಒಂದರಿಂದ ಗುಣಿಸಿದರೆ ಧನ ಒಂದೇ ಏಕೆ ಬರಬೇಕು ಎಂಬುದನ್ನು ಪೂರ್ಣಾಂಕಗಳ ಮೂಲನಿಯಮಗಳಿಂದಲೇ ಸಾಧಿಸಿ ತೋರಿಸಬೇಕು. ಈ ನಿಧಾನವೇ ಶಿಬಿರದ ನಿಜವಾದ ಬೆಲೆ ಎಂಬುದು ನನ್ನ ವಾದ.

ನಿಧಾನದಿಂದ ಏನು ದಕ್ಕುತ್ತದೆ ಎಂಬುದಕ್ಕೆ ಒಂದು ಲೆಕ್ಕವನ್ನೇ ನೋಡೋಣ. 1ರಿಂದ 6ರವರೆಗಿನ ಸಂಖ್ಯೆಗಳನ್ನು ವರ್ಗ ಮಾಡಿ 7ರಿಂದ ಭಾಗಿಸಿದರೆ ಶೇಷಗಳು ಕ್ರಮವಾಗಿ 1, 4, 2, 2, 4, 1. ಸಾಲು ಕನ್ನಡಿಯಲ್ಲಿ ಕಂಡಂತೆ ಹಿಂದಿರುಗುತ್ತದೆ, ಆದರೆ 6 ಎಲ್ಲಿಯೂ ಬರುವುದಿಲ್ಲ. ಅದೇ 13ರಿಂದ ಭಾಗಿಸುವಾಗ, 5ರ ವರ್ಗವಾದ 25ಕ್ಕೆ ಶೇಷ 12, ಅಂದರೆ ಭಾಜಕಕ್ಕಿಂತ ಒಂದು ಕಡಿಮೆ. ಹೀಗೆ ಒಂದು ಕಡಿಮೆಯ ಶೇಷ ಸಿಗುವುದು ಯಾವ ಅವಿಭಾಜ್ಯ ಸಂಖ್ಯೆಗಳಿಗೆ? ಕೈಯಾರೆ ಕೋಷ್ಟಕ ತುಂಬುತ್ತ ಹೋದರೆ 5, 13, 17ಕ್ಕೆ ಸಿಗುತ್ತದೆ. 3, 7, 11ಕ್ಕೆ ಸಿಗುವುದಿಲ್ಲ. ಮೊದಲ ಗುಂಪಿನವನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಎರಡನೆಯ ಗುಂಪಿನವಕ್ಕೆ 3. ಇನ್ನೂ ಸ್ವಲ್ಪ ಹೊತ್ತು ಹಾಳೆಯ ಮುಂದೆ ಕೂತವರಿಗೆ ಮೊದಲ ಗುಂಪಿನ ಸಂಖ್ಯೆಗಳೇ ಎರಡು ವರ್ಗಗಳ ಮೊತ್ತವೂ ಆಗಿರುವುದು ಕಾಣುತ್ತದೆ: 5 ಎಂದರೆ 1 ಕೂಡಿಸು 4, 13 ಎಂದರೆ 4 ಕೂಡಿಸು 9, 17 ಎಂದರೆ 1 ಕೂಡಿಸು 16. ಇದನ್ನು ಪ್ರಮೇಯವಾಗಿ ಓದಿದವರಿಗೆ ಒಂದು ಸಾಲು ಸಿಗುತ್ತದೆ. ತಾವೇ ಕಂಡವರಿಗೆ ಇದು ಯಾಕೆ ಹೀಗೆ ಎಂಬ ತಹತಹ ಹುಟ್ಟುತ್ತದೆ, ಸಾಧನೆಯ ಅಗತ್ಯ ಅರ್ಥವಾಗುವುದು ಆಗಲೇ. ಗಣಿತಜ್ಞ ಗೌಸ್ ಕೂಡ ಇಂಥ ಶೇಷಗಳನ್ನೇ ಕುರಿತ ‘ವರ್ಗಶೇಷಗಳ ವ್ಯುತ್ಕ್ರಮ ನಿಯಮ’ವನ್ನು ಮೊದಲು ಅಂಕಿಗಳಲ್ಲಿ ಕಂಡು, ಆಮೇಲೆ ಬಹುಕಾಲ ಹೆಣಗಾಡಿ 1796ರಲ್ಲಿ ಸಾಧಿಸಿದ. ಆಗ ಅವನಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ಇದಕ್ಕೆ ಪುಸ್ತಕ ಸಾಲದೇ, ಅಂತರ್ಜಾಲದಲ್ಲಿ ಉಪನ್ಯಾಸಗಳಿಲ್ಲವೇ ಎಂದು ಕೇಳಬಹುದು. ಉತ್ತರ ಎಲ್ಲೆಡೆ ಸಿಗುತ್ತದೆ, ನಿಜ. ಉತ್ತರವನ್ನು ತಡೆಹಿಡಿಯುವ ಜನ ಸಿಗುವುದು ಶಿಬಿರದಲ್ಲಿ. ಅಲ್ಲಿ ದಿನದ ಉಪನ್ಯಾಸಕ್ಕಿಂತ ದಿನದ ಲೆಕ್ಕಗಳ ಹಾಳೆಗೇ ತೂಕ ಹೆಚ್ಚು. ಒಂದು ಹೇಳಿಕೆ ಕೊಟ್ಟು, ಸಾಧಿಸು ಅಥವಾ ಅಲ್ಲಗಳೆ, ತಪ್ಪಿದ್ದರೆ ಸಾಧ್ಯವಾದಷ್ಟನ್ನು ಉಳಿಸಿಕೊ ಎನ್ನುವುದು ಅಲ್ಲಿನ ಪ್ರಸಿದ್ಧ ರೂಢಿ. ಹೇಳಿಕೆ ನಿಜವೋ ಸುಳ್ಳೋ ಎಂಬುದೂ ವಿದ್ಯಾರ್ಥಿಯ ಹೊಣೆಯೇ. ಅದೇ ಹಾಸ್ಟೆಲಿನಲ್ಲಿರುವ ಹಿರಿಯ ವಿದ್ಯಾರ್ಥಿಗಳು ಹಾಳೆ ತಿದ್ದಿ, ವಾದ ಎಲ್ಲಿ ಸಡಿಲವಾಗಿದೆ ಎಂದು ಗುರುತು ಹಾಕಿ ಹಿಂದಿರುಗಿಸುತ್ತಾರೆ. ಊಟದ ಮೇಜಿನಲ್ಲಿ ಚರ್ಚೆ ಮುಂದುವರಿಯುತ್ತದೆ. ಸೋಲು ಅಲ್ಲಿ ಎಲ್ಲರ ನಿತ್ಯದ ಅನುಭವವಾದ್ದರಿಂದ ಯಾರೂ ಅದಕ್ಕೆ ನಾಚಬೇಕಿಲ್ಲ. ಒಬ್ಬಂಟಿಯಾಗಿ ಓದುವ ಹುಡುಗಿಗೆ ಈ ಧೈರ್ಯ ಕೊಡುವವರು ಯಾರು?

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಜೆಇಇ, ಸಿಇಟಿಗೆ ಓದಬೇಕಾದ ರಜೆಯನ್ನು ಅಂಕ ತರದ ವಿದ್ಯೆಗೆ ಕೊಡುವುದೇಕೆ? ಪ್ರವೇಶ ಪರೀಕ್ಷೆಯ ಒತ್ತಡ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕೂ ಯಾರಿಗೂ ಇಲ್ಲ. ಆದರೆ ಆ ಪರೀಕ್ಷೆ ಅಳೆಯುವುದು ವೇಗವನ್ನು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಕೂಡ ದಿನಕ್ಕೆ ಮೂರು ಲೆಕ್ಕಗಳಿಗೆ ನಾಲ್ಕೂವರೆ ಗಂಟೆಯನ್ನಷ್ಟೇ ಕೊಡುತ್ತದೆ. ಮುಂದೆ ಸಂಶೋಧನೆಯಲ್ಲೋ ಎಂಜಿನಿಯರಿಂಗಿನಲ್ಲೋ ಎದುರಾಗುವ ಪ್ರಶ್ನೆಗಳಿಗೆ ಗಡಿಯಾರವೂ ಇರುವುದಿಲ್ಲ, ಹಿಂಬದಿಯ ಪುಟದಲ್ಲಿ ಉತ್ತರವೂ ಇರುವುದಿಲ್ಲ. ತಿಂಗಳುಗಟ್ಟಲೆ ಒಂದೇ ಪ್ರಶ್ನೆಯ ಜೊತೆಗಿರುವ ತಾಳ್ಮೆ ಕೋಚಿಂಗಿನಿಂದ ಬರುವುದಿಲ್ಲ. ಇನ್ನು, ಈ ಶಿಬಿರಗಳು ಉಳ್ಳವರ, ಆಯ್ದ ಕೆಲವರ ಮಕ್ಕಳಿಗಷ್ಟೇ ಎಂಬ ಟೀಕೆಯಲ್ಲಿ ಹುರುಳಿದೆ. ಆರು ವಾರದ ವಸತಿಗೆ ಖರ್ಚಿದೆ, ವಿದ್ಯಾರ್ಥಿವೇತನ ಎಲ್ಲರನ್ನೂ ಮುಟ್ಟುವುದಿಲ್ಲ. ಆದರೂ ಇಂಥ ಶಿಬಿರಗಳ ಅರ್ಜಿಯಲ್ಲಿರುವ ಲೆಕ್ಕಗಳನ್ನು ಮನೆಯಲ್ಲೇ ಕೂತು ಬೇಕಾದಷ್ಟು ದಿನ ಯೋಚಿಸಿ ಬರೆಯಬಹುದು. ಮಂದಗತಿಯವರನ್ನು ಹೊರಗಿಡದ ಆಯ್ಕೆ ಅದು.

ಈ ಪದ್ಧತಿ ಬೇರೆ ನೆಲದಲ್ಲೂ ಬೇರೂರುತ್ತದೆ. ರಾಸ್ ಶಿಬಿರದಲ್ಲಿ ಬೆಳೆದ ಗ್ಲೆನ್ ಸ್ಟೀವನ್ಸ್ ಮೊದಲಾದವರು 1989ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಮಿಸ್ ಎಂಬ ಇಂಥದೇ ಶಿಬಿರ ಕಟ್ಟಿದರು. ಅದರ ಭಾರತೀಯ ಶಿಬಿರ ಈಚೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಅದೊಂದೇ ಸಾಲದು. ಇದಕ್ಕೆ ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ಎಚ್ಚರದಿಂದ ಹೆಣೆದ ಲೆಕ್ಕಗಳು, ಉತ್ತರ ಹೇಳಿಬಿಡದ ನಾಲ್ಕಾರು ಹಿರಿಯ ವಿದ್ಯಾರ್ಥಿಗಳು, ಪರೀಕ್ಷೆಯ ಹಂಗಿಲ್ಲದ ಕೆಲವು ವಾರಗಳು ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಬೀಗ ಬೀಳುವ ಹಾಸ್ಟೆಲುಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲೇ ಇವೆ, ಎಂಎಸ್‌ಸಿ ಓದುವ ಹುರುಪಿನ ಹುಡುಗ ಹುಡುಗಿಯರೂ ಇದ್ದಾರೆ. ಕನ್ನಡದಲ್ಲೇ ವಾದ ಮಾಡಿ, ಕನ್ನಡದಲ್ಲೇ ಸಾಧನೆ ಬರೆಯುವ ಶಿಬಿರವನ್ನು ಒಂದೊಂದು ಜಿಲ್ಲೆಯಲ್ಲಿ ಒಂದು ಕಾಲೇಜಾದರೂ ಕೈಗೆತ್ತಿಕೊಳ್ಳಬೇಕು.