ಸ್ಥಳೀಯ ಚರಿತ್ರೆಯ ಆಕರಗಳು: ಹೈದರಾಬಾದಿನ ಎರಡು ಕಪಾಟುಗಳು

1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ನಿಜಾಮರ ರಾಜಧಾನಿಯಲ್ಲಿ ಸಂಚಯಗೊಂಡಿದ್ದ ದಫ್ತರಗಳೆಲ್ಲ ಅವುಗಳ ಹಿಂದೆ ಬರಲಿಲ್ಲ. ಆದುದರಿಂದ ಈ ಭಾಗದ ಚರಿತ್ರೆಯನ್ನು ಬರೆಯಹೊರಟವರಿಗೆ ಹೈದರಾಬಾದಿನ ಗ್ರಂಥಾಲಯಗಳು ಇಂದಿಗೂ ಅನಿವಾರ್ಯವಾಗಿವೆ. ಲಿಂಗಂಪಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ರೈಲುಹಾದಿ ವಿಕಾರಾಬಾದಿನಲ್ಲಿ ಕವಲೊಡೆದು ವಾಡಿಗೂ ಬೀದರಿಗೂ ಮುಟ್ಟುತ್ತದೆ. ಪೂರ್ವಕ್ಕೆ ನಗರದೊಳಗೆ ಬಂದರೆ 1891ರಲ್ಲಿ ಸ್ಥಾಪಿತವಾದ ಆಸಫಿಯಾ ಗ್ರಂಥಾಲಯವೂ ತಾರ್ನಾಕದ ಪತ್ರಾಗಾರವೂ ದೊರೆಯುತ್ತವೆ. ಕ್ಷೇತ್ರ ಹಾಗೂ ಆಕರ ಎರಡೂ ಸಮೀಪವಿರುವ ಇಂತಹ ನೆಲೆ ವಿರಳ.

ಹೈದರಾಬಾದು ಪುರಾತತ್ವ ಮಾಲೆಯ ಉಪಕಾರವನ್ನು ಕನ್ನಡ ಸಂಶೋಧನೆ ಮರೆಯುವಂತಿಲ್ಲ. ಮಸ್ಕಿಯ ಅಶೋಕ ಶಾಸನವನ್ನು ಕುರಿತ ಎಚ್. ಕೃಷ್ಣಶಾಸ್ತ್ರಿಗಳ ಕೃತಿ (1915) ಇದರ ಮೊದಲ ಸಂಪುಟ; ಸಿ. ಆರ್. ಕೃಷ್ಣಮಾಚಾರ್ಲು ಅವರ ಕೊಪ್ಪಳದ ಶಾಸನಗಳು (1935) ಹನ್ನೆರಡನೆಯದು, ಪಿ. ಬಿ. ದೇಸಾಯಿಯವರು ಸಂಪಾದಿಸಿದ ಕನ್ನಡ ಜಿಲ್ಲೆಗಳ ಶಾಸನಸಂಪುಟ (1958) ಹದಿನೆಂಟನೆಯದು. ಕೊನೆಯದು ಹೊರಬರುವ ವೇಳೆಗೆ ಅದರ ಶೀರ್ಷಿಕೆಯಲ್ಲಿರುವ ‘ಹೈದರಾಬಾದು ರಾಜ್ಯ’ವೇ ಅಸ್ತಿತ್ವದಲ್ಲಿರಲಿಲ್ಲ ಎಂಬುದು ಗಮನಾರ್ಹ.

ಅದೇ 1958ರಲ್ಲಿ, ಅದೇ ನಗರದಿಂದ, ಯೂಸುಫ್ ಹುಸೇನ್ ಖಾನರು ಸಂಪಾದಿಸಿದ ಔರಂಗಜೇಬನ ಕಾಲದ ಆಯ್ದ ದಾಖಲೆಗಳ ಸಂಪುಟವೂ ಪ್ರಕಟವಾಯಿತು. ಬೀದರ್ ಕೋಟೆ 1657ರಲ್ಲಿ ಮೊಗಲರ ವಶವಾದ ತರುವಾಯದ ದಖ್ಖಣದ ಆಡಳಿತವನ್ನು ಅರಿಯಲು ಇಂತಹ ಪಾರಸಿ ಕಾಗದಪತ್ರಗಳೇ ಆಧಾರ. ಆದರೆ ಕನ್ನಡ ವಿದ್ವಾಂಸರು ಮೊದಲ ಕಪಾಟಿಗೆ, ಪಾರಸಿ ಬಲ್ಲವರು ಎರಡನೆಯ ಕಪಾಟಿಗೆ ಹೋಗುವುದು ರೂಢಿಯಾಗಿದೆ. ಪರಿಣಾಮವಾಗಿ ಅನೇಕ ಗ್ರಾಮಚರಿತ್ರೆಗಳು ಶಾಸನ ಮುಗಿದಲ್ಲಿಯೇ ನಿಲ್ಲುತ್ತವೆ. ದತ್ತಿ ಪಡೆದ ಭೂಮಿ ಮುಂದೆ ಯಾರ ಜಾಗೀರಾಯಿತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ಆಕರಗಳ ಅಭಾವವೆನ್ನುವುದು ಸರಿಯಲ್ಲ. ಓದಿನ ಅಭ್ಯಾಸದ ದೋಷವೆನ್ನಬೇಕು.

ಗ್ರಂಥಸೂಚಿಗಳ ತೊಡಕೂ ಇಲ್ಲಿ ಸೇರುತ್ತದೆ. 1935ರ ಸಂಪುಟ ‘ಕೊಪ್ಬಳ್’ ಎಂಬ ವರ್ಣಸಂಯೋಜನೆಯಲ್ಲಿದೆ. ಇಂದಿನ ರೂಪದಲ್ಲಿ ಹುಡುಕುವ ಹೊರನಾಡಿನ ಸಂಶೋಧಕನಿಗೆ ಅದು ಸಿಗದೆ ಹೋಗಬಹುದು. ಅಂದು ರಾಯಚೂರಿಗೆ ಸೇರಿದ್ದ ಕೊಪ್ಪಳ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಸಂಪುಟಗಳ ಜಿಲ್ಲಾವಿಭಾಗ ಇಂದಿನ ಭೂಪಟಕ್ಕೆ ಹೊಂದುವುದಿಲ್ಲ.

ಆದ್ದರಿಂದ ತುರ್ತಾಗಿ ಬೇಕಾಗಿರುವುದು ಒಂದು ಸಂಯುಕ್ತ ಗ್ರಾಮನಾಮಸೂಚಿ. ಪ್ರತಿಯೊಂದು ಊರಿಗೂ ಶಾಸನೋಕ್ತ ರೂಪ, ಪಾರಸಿ ಬರಹದ ರೂಪ, ಹಳೆಯ ಆಂಗ್ಲ ರೂಪ ಮತ್ತು ಇಂದಿನ ತಾಲ್ಲೂಕು ಒಂದೇ ಸಾಲಿನಲ್ಲಿರಬೇಕು. ಇದು ಒಬ್ಬರಿಂದಾಗುವ ಕೆಲಸವಲ್ಲ. ಕನ್ನಡ ಬಲ್ಲವರೂ ಪಾರಸಿ ಬಲ್ಲವರೂ ಒಂದೇ ಮೇಜಿಗೆ ಕೂಡಬೇಕು. ಅಂತಹ ಮೇಜಿಗೆ ಹೈದರಾಬಾದಿಗಿಂತ ಸೂಕ್ತವಾದ ಸ್ಥಳವಿಲ್ಲ.